ನನ್ನ ಹೆಸರಿನಲ್ಲಿ ಓಡಿದ ಗಾಡಿ

ಮುನಿರಾಜಣ್ಣ, ನಿನಗೆ ಬರಬೇಕಿದ್ದ ವಿಮೆಗೆ ಕಲ್ಲು ಹಾಕಿದವನು ನಾನು — ನೀನು ತಮ್ಮನೆಂದು ನಂಬಿದ ಸೀನ.

ಕೋಲಾರದ ಬಸ್ ಸ್ಟ್ಯಾಂಡಿನ ಹಿಂದೆ, ಬೇವಿನ ಮರದಡಿ ಆರ್ಡರ್‌ಗೆ ಕಾಯುತ್ತಿದ್ದ ದಿನಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಊಟ ತಲುಪಿಸುವ ಬ್ಯಾಗಿನಲ್ಲಿ ನೀನು ನಿನ್ನೂರು ರಾಯಲ್ಪಾಡಿನ ಮಾವಿನಹಣ್ಣು ತರುತ್ತಿದ್ದೆ. ರಸ ಮೊಣಕೈಗೆ ಇಳಿಯುವಂತೆ ತಿನ್ನುತ್ತಿದ್ದೆವು. ಬೈಕಿನ ಸೀಟೆಲ್ಲ ಅಂಟು. ಅಷ್ಟು ನಕ್ಕಿದ್ದು ನಾನು ಮತ್ತೆಂದೂ ಇಲ್ಲ.

ಯಾರೋ ಗಿರಾಕಿ ದೂರು ಕೊಟ್ಟನೆಂದು, ನಿನ್ನನ್ನು ಒಂದು ಮಾತೂ ಕೇಳದೆ ಕಂಪನಿ ನಿನ್ನ ಐಡಿ ಮುಚ್ಚಿತು. ಅದೇ ವಾರ ನಮ್ಮ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿತ್ತು. ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಲು ಮನೆಮಂದಿಯೆಲ್ಲ ಬೇಕು. ಇತ್ತ ನಾನು ಓಡಿಸದಿದ್ದರೆ ರೇಟಿಂಗ್ ಬೀಳುತ್ತದೆ. "ನನ್ನ ಐಡೀಲಿ ನೀನೇ ಓಡ್ಸು ಅಣ್ಣಾ" ಎಂದವನು ನಾನೇ. ಬೆಳಗ್ಗೆ ಬಂದು ಆಪ್‌ಗೆ ಮುಖ ತೋರಿಸಿ, ಫೋನು ನಿನ್ನ ಕೈಗಿಟ್ಟು ಊರಿಗೆ ಹೋಗುತ್ತಿದ್ದೆ. ನಮ್ಮಲ್ಲಿ ಎಲ್ಲರೂ ಹಾಗೆ ಮಾಡುತ್ತಿದ್ದರು.

ಮೂರನೆಯ ದಿನ ಟಮಕದ ಬಳಿ ಲಾರಿ ತಗುಲಿ ನೀನು ಬಿದ್ದೆ, ಕಾಲು ಮುರಿಯಿತು. ಮರುದಿನ ಕಂಪನಿಯವರು ನಮ್ಮ ಮನೆಯ ಫೋನಿಗೆ ಕರೆ ಮಾಡಿ ಕೇಳಿದರು: "ನಿಮ್ಮ ಐಡೀಲಿ ಓಡಿಸ್ತಿದ್ದೋರು ಯಾರು?" ನಿಜ ಹೇಳಿದರೆ ನನ್ನ ಐಡಿಯೂ ಹೋಗುತ್ತಿತ್ತು. ಅದೊಂದೇ ತಲೆಯಲ್ಲಿತ್ತು, ನಿನ್ನ ಕಾಲಲ್ಲ. "ಗೊತ್ತಿಲ್ಲ ಸಾರ್, ಯಾರೋ ನನ್ನ ಫೋನ್ ಕದ್ದಿದ್ರು" ಎಂದೆ. ನಿಜ ಹೇಳಿದ್ದರೆ ವಿಮೆ ಸಿಗುತ್ತಿತ್ತೋ ಇಲ್ಲವೋ — ಕೇಳುವ ದಾರಿಯಾದರೂ ಇರುತ್ತಿತ್ತು. ಕಳ್ಳನಿಗೆ ಯಾರು ಕೊಡುತ್ತಾರೆ?

ಕಾರಣ ಹೇಳದೆ ಕಂಪನಿ ವಿಮೆ ಕೊಡಲಿಲ್ಲ; ನೀನು ಕುಂಟುತ್ತ ರಾಯಲ್ಪಾಡಿಗೆ ವಾಪಸಾದೆ. "ಕಂಪನಿಯೋರು ದಗಾ ಮಾಡಿದ್ರು ಕಣೋ" ಎಂದು ನೀನು ಬೈದಾಗಲೆಲ್ಲ ನಾನೂ ದನಿ ಸೇರಿಸಿದೆ. ಪ್ರತಿ ಬೇಸಿಗೆ ನೀನು ಕಳಿಸಿದ ಹಣ್ಣನ್ನೂ ತಿಂದೆ, ನಾಚಿಕೆಯಿಲ್ಲದೆ.

ಈಗ ನಮ್ಮ ಡೆಲಿವರಿಯವರೆಲ್ಲ ಸೇರಿ ಸಂಘ ಕಟ್ಟಿದ್ದಾರೆ, ವಿಮೆ ಕೊಡಿಸಿ ಎಂಬ ನಿನ್ನ ಅರ್ಜಿಯನ್ನು ಕಾರ್ಮಿಕ ಇಲಾಖೆಗೆ ಒಯ್ಯುತ್ತಿದ್ದಾರೆ. ಮೊನ್ನೆ ನೀನು ಫೋನ್ ಮಾಡಿದೆ. "ಸಾಕ್ಷಿಗೆ ನಿನ್ನ ಹೆಸ್ರು ಕೊಟ್ಟಿದ್ದೀನಿ ಕಣೋ ತಮ್ಮುಡೂ. ನೀನಿದ್ರೆ ನಂಗೆ ಧೈರ್ಯ." ನಾನು ಹೂಂ ಎಂದೆ.

ಸೋಮವಾರ ಇಲಾಖೆಯ ವಿಚಾರಣೆಗೆ ಬರುತ್ತೇನೆ. ಆಡಿದ ಸುಳ್ಳನ್ನು ಬರೆಸಿ ಸಹಿ ಹಾಕುತ್ತೇನೆ; ಐಡಿ ಹೋದರೆ ಹೋಗಲಿ. ಆದರೆ ಎಲ್ಲರೆದುರು, ಕಚೇರಿಯಲ್ಲಿ, ನೀನು ಇದನ್ನು ಮೊದಲ ಸಲ ಕೇಳಬಾರದು — ಅದಕ್ಕೇ ಈ ಕಾಗದ. ಓದಿದ ಮೇಲೆ ನನ್ನ ಪಕ್ಕ ಕೂರಬೇಡ, ಅಣ್ಣ. ನಾನು ಹಿಂದಿನ ಬೆಂಚಿನಲ್ಲಿರುತ್ತೇನೆ. ಹೆಸರು ಕೂಗಿದಾಗ ಎದ್ದು ನಿಲ್ಲುತ್ತೇನೆ.