ಎಕಂಬಾ ಕ್ರಾಸಿನ ಮೂರು ತಾಸು

ಪಾದ್ರಿಗಳು ಕ್ಷಮೆಯ ಬಗ್ಗೆ ಮಾತಾಡುವ ಭಾನುವಾರಗಳಲ್ಲಿ ನಾನು ನನ್ನ ಕಾಲ್ಬೆರಳು ನೋಡುತ್ತ ಕೂತಿರುತ್ತೇನೆ. ಚಿಕ್ಕಂದಿನಿಂದಲೂ ಹಾಗೇ. ಒಬ್ಬ ಮನುಷ್ಯನನ್ನು ನಾನು ಕ್ಷಮಿಸಿರಲಿಲ್ಲ, ಕ್ಷಮಿಸುವ ಉದ್ದೇಶವೂ ಇರಲಿಲ್ಲ. ಎಂದಾದರೂ ಒಂದು ದಿನ ಅವನು ನನ್ನ ಕೈಗೆ ಸಿಗಲಿ ಎಂದು ಪ್ರಾರ್ಥನೆಯ ಹೊತ್ತಿನಲ್ಲೇ ಬೇಡಿಕೊಂಡದ್ದುಂಟು. ಅದು ತಪ್ಪೆಂದು ಗೊತ್ತಿತ್ತು. ಆದರೂ ಬೇಡಿದೆ, ಅವನು ಸಿಕ್ಕ.

ಸಿಕ್ಕಿದ್ದು ಬೀದರಿನಲ್ಲಿ, ನನ್ನದೇ ಅಂಗಡಿಯಲ್ಲಿ. ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಟ್ರಾವೆಲ್ಸ್ ಇದೆ. ಪುಣೆ, ಹೈದರಾಬಾದಿನ ಬಸ್ ಟಿಕೆಟು, ರೈಲಿನ ರಿಸರ್ವೇಶನ್, ಪಾಸ್‌ಪೋರ್ಟಿನ ಫಾರ್ಮು, ಕೊಲ್ಲಿ ದೇಶಗಳಿಗೆ ಹೊರಟ ನರ್ಸುಗಳ ವಿಮಾನದ ಟಿಕೆಟು, ಇವೇ ನನ್ನ ಕೆಲಸ. ಒಂದು ಮಧ್ಯಾಹ್ನ ಭಾಲ್ಕಿಯಿಂದ ಎಪ್ಪತ್ತು ದಾಟಿದ ಒಬ್ಬ ಹಿರಿಯ ಬಂದು ಎದುರು ಕೂತ. ಬಿಳಿ ಅಂಗಿ, ಬಿಳಿ ಧೋತರ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಚೀಲದಿಂದ ಪಾಸ್‌ಪೋರ್ಟು ತೆಗೆದು ಮೇಜಿನ ಮೇಲಿಟ್ಟ.

"ಮಗಳ ಮದುವಿ ಅದರಿ ಮೇಡಂ, ಸಮುದ್ರದ ದಂಡಿ ಮ್ಯಾಲ," ಅಂದ.

ಮಗಳು ಬೀದರಿನಲ್ಲೇ ನರ್ಸಿಂಗ್ ಕಲಿತವಳು. ಈಗ ಅಮೆರಿಕಾದ ಒಂದು ಆಸ್ಪತ್ರೆಯಲ್ಲಿದ್ದಾಳೆ. ಹುಡುಗನೂ ಅಲ್ಲಿಯವನೇ. ಮದುವೆ ಮಾತ್ರ ಕೆರಿಬಿಯನ್ ದ್ವೀಪವೊಂದರ ಬೀಚ್ ಹೋಟೆಲಿನಲ್ಲಿ. ವಿಮಾನದ ಟಿಕೆಟು ಮಗಳೇ ಕಳಿಸಿದ್ದಳು. ಮಂಡಿನೋವಿನಿಂದ ಹೆಂಡತಿ ಹೊರಟಿರಲಿಲ್ಲ, ಇವನೊಬ್ಬನೇ ಹೋಗಬೇಕು. ಇವನಿಗೆ ನನ್ನಿಂದ ಬೇಕಾದದ್ದು ಒಂದೇ: ಆ ದ್ವೀಪದ ವಿಮಾನ ನಿಲ್ದಾಣದಿಂದ ಹೋಟೆಲಿನವರೆಗೆ ಒಂದು ಖಾಸಗಿ ಕಾರು.

"ಬೀಗರು ಗಾಡಿ ಕಳಸ್ತೇವಿ ಅಂದ್ರು. ಹೆಣ್ಣು ಕೊಡಾಂವ ಬೀಗರ ಗಾಡ್ಯಾಗ ಹೋಗಿ ಇಳದ್ರ ಹ್ಯಾಂಗ ಕಾಣ್ತದರಿ? ನಾನೇ ಸ್ಪೆಷಲ್ ಗಾಡಿ ಮಾಡ್ಕೊಂಡು ಬರ್ತೇನಿ ಅಂತ ಹೇಳೇನಿ," ಅಂದ. ಆಮೇಲೆ, ಯಾರೂ ಕೇಳದಿದ್ದರೂ, ಸೇರಿಸಿದ: "ಗಾಡಿ ಅಂದ್ರ ನನಗ ಹೊಸದಲ್ಲರಿ. ಭಾಲ್ಕಿ–ಔರಾದ ನಂದೇ ಜೀಪ್ ಓಡ್ತಿತ್ತು. ಬರ ಬಿದ್ದ ವರ್ಷ ಎಷ್ಟು ಮಂದೀನ್ನ ದುಡಿಯೋದಕ್ಕ ದಾಟಿಸೇನಿ, ದೇವ್ರಿಗೇ ಗೊತ್ತು."

ನಾನು ಪಾಸ್‌ಪೋರ್ಟು ತೆರೆದು ಹೆಸರು ಓದಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಮೂವತ್ತು ವರ್ಷ ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಯಾರೂ ಮರೆತೂ ಇರಲಿಲ್ಲ.

ಆ ಬರದ ವರ್ಷ ನಾನು ಹನ್ನೊಂದರವಳು, ಅಕ್ಕ ಹದಿನೆಂಟರವಳು. ಎಕಂಬಾದ ಹತ್ತಿರದ ಹಳ್ಳಿಯಲ್ಲಿ ಅಪ್ಪ ಚರ್ಚಿನ ಗಂಟೆ ಹೊಡೆಯುವುದು, ಕಸ ಗುಡಿಸುವುದು ಮಾಡುತ್ತಿದ್ದರು. ಅಕ್ಕನಿಗೆ ಬೀದರಿನಲ್ಲಿ ನರ್ಸಿಂಗ್ ತರಬೇತಿಗೆ ಸಂದರ್ಶನ ಬಂದಿತ್ತು. ಬೆಳಿಗ್ಗೆ ಹತ್ತಕ್ಕೆ ಅಲ್ಲಿರಬೇಕು. ಆದರೆ ಆ ದಿನಗಳಲ್ಲಿ ಬಸ್ಸುಗಳು ನಮ್ಮ ಕ್ರಾಸಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಊರಿಗೂರೇ ಗಂಟುಮೂಟೆ ಕಟ್ಟಿಕೊಂಡು ಹೊರಟಿತ್ತು. ಬಸ್ಸಿನ ಒಳಗೂ ಮಂದಿ, ಮೇಲೂ ಮಂದಿ. ಅದಕ್ಕೇ ಅಪ್ಪ ಔರಾದಿಗೆ ಹೋಗಿ ಇವನ ಜೀಪನ್ನು ಸ್ಪೆಷಲ್ ಆಗಿ ಗೊತ್ತು ಮಾಡಿ ಬಂದಿದ್ದರು. "ಆರಕ್ಕ ಕ್ರಾಸಿಗೆ ಬಂದು ನಿಂದರ್ರಿ. ನಿಮ್ಮ ಮಗಳನ್ನ ಬೀದರಕ ಮುಟ್ಟಿಸೋದು ನನ್ನ ಜಿಮ್ಮೆ," ಎಂದು ಹೇಳಿದ್ದನಂತೆ. ಅಪ್ಪ ಆ ಮಾತನ್ನು ರಾತ್ರಿ ಊಟಕ್ಕೆ ಕೂತಾಗ ನಮಗೆಲ್ಲ ಎರಡೆರಡು ಸಲ ಹೇಳಿದರು.

ಅಕ್ಕ ಉಟ್ಟಿದ್ದು ಬಿಳಿ ಸೀರೆ, ಊರಿನ ಆಯಾ ಒಬ್ಬರಿಂದ ಕೇಳಿ ತಂದದ್ದು. ಅವ್ವ ತಂಬಿಗೆಯಲ್ಲಿ ಕೆಂಡ ತುಂಬಿ ಅದಕ್ಕೆ ಇಸ್ತ್ರಿ ಹೊಡೆದಿದ್ದಳು. ಆರಕ್ಕೇ ಅಪ್ಪ, ಅಕ್ಕ, ನಾನು ಕ್ರಾಸಿನಲ್ಲಿದ್ದೆವು. ಕೂರಲು ಕಲ್ಲಿತ್ತು. ಅಕ್ಕ ಕೂರಲಿಲ್ಲ, ಸೀರೆ ಮುದುಡುತ್ತದೆಂದು ನಿಂತೇ ಇದ್ದಳು. ಏಳೂವರೆಗೆ ಜೀಪು ಬಂತು. ತುಂಬಾ ಮಂದಿ, ಗಂಟು, ಪಾತ್ರೆ, ಬಾಗಿಲಿಗೆ ಜೋತುಬಿದ್ದ ಗಂಡಸರು. ಯಾವನೋ ಮೇಸ್ತ್ರಿ ಇಡೀ ಗುಂಪನ್ನೇ ಭಾಲ್ಕಿ ಸ್ಟೇಶನ್ನಿಗೆ ಒಯ್ಯಲು ಹೇಳಿದ್ದನೆಂದು ಆಮೇಲೆ ತಿಳಿಯಿತು. ಅಪ್ಪ ರಸ್ತೆಗೆ ಬಂದು ಕೈ ಚಾಚಿದರು. ಇವನು ಸ್ಟೇರಿಂಗಿನಿಂದ ಒಂದು ಕೈ ಎತ್ತಿದ, ಪರಿಚಯದವರಿಗೆ ಎತ್ತುತ್ತಾರಲ್ಲ ಹಾಗೆ, ಮತ್ತು ನಿಲ್ಲಿಸದೆ ಹೋದ.

"ಇಳಿಸಿ ತಿರುಗಿ ಬರ್ತಾನ," ಅಂದರು ಅಪ್ಪ. ಒಂಬತ್ತರವರೆಗೆ ಅದನ್ನೇ ಅನ್ನುತ್ತಿದ್ದರು. ಆಮೇಲೆ ಒಂದು ಮೇವಿನ ಲಾರಿ ಹತ್ತಿಸಿಕೊಂಡಿತು. ಜನವಾಡದಲ್ಲಿ ಮೇವು ಇಳಿಸುವವರೆಗೆ ಕಾದು, ಅಲ್ಲಿಂದ ಬಸ್ಸು ಹಿಡಿದು, ಬೀದರು ಮುಟ್ಟಿದಾಗ ಒಂದು ಗಂಟೆ. ಸಂದರ್ಶನದ ಪಟ್ಟಿ ಮುಗಿದಿತ್ತು. ಮೂರು ವಾರಕ್ಕೆ ಅಕ್ಕ ಗಾರೆ ಕೆಲಸಕ್ಕೆ ಪುಣೆಗೆ ಹೊರಟಳು, ಭಾಲ್ಕಿಯವರೆಗೆ ಇದೇ ಜೀಪಿನಲ್ಲಿ. "ಒಳಗ ಸರಿಯವ್ವಾ, ಇನ್ನಾ ಇಬ್ಬರು ಕೂಡ್ತಾರ," ಎಂದು ಇವನೇ ಅವಳನ್ನು ಒಳಗೆ ದೂಡಿದ.

ಅಕ್ಕ ಹೊತ್ತ ಬುಟ್ಟಿಗಳ ಮೇಲೆ ನಾನು ಬೀದರಿನಲ್ಲಿ ಕಲಿತೆ. ಈಗ ಅವಳು ನನ್ನ ಜೊತೆಗೇ ಇದ್ದಾಳೆ. ಸಿಮೆಂಟು ಅವಳ ಬೆರಳುಗಳನ್ನು ಎಷ್ಟು ತಿಂದಿದೆಯೆಂದರೆ, ರೇಶನ್ ಅಂಗಡಿಯ ಯಂತ್ರ ಅವಳ ಹೆಬ್ಬೆರಳನ್ನು ಹಿಡಿಯುವುದೇ ಇಲ್ಲ. ಹತ್ತು ಬೆರಳೂ ಒತ್ತಿ ನೋಡಿ ವಾಪಸು ಬರುತ್ತಾಳೆ. ಅಂಥ ಪ್ರತಿ ಸಲವೂ ನನಗೆ ಸ್ಟೇರಿಂಗಿನಿಂದ ಎತ್ತಿದ ಆ ಕೈ ನೆನಪಾಗುತ್ತದೆ.

ಇವನಿಗೆ ನನ್ನ ಗುರುತು ಹತ್ತಲಿಲ್ಲ. ನಾನು ಚಹಾ ತರಿಸಿದೆ. ಬಾಯಲ್ಲಿ ಕಾಕಾ, ಮನಸ್ಸಿನಲ್ಲಿ ಏಕವಚನ. ಕಂಪ್ಯೂಟರಿನಲ್ಲಿ ಆ ದ್ವೀಪದ ಕಾರುಗಳ ಫಾರ್ಮು ತೆರೆದೆ. ಎಲ್ಲರ ಜೊತೆಗಿನ ವ್ಯಾನು ಬೇಕೋ, ಖಾಸಗಿ ಕಾರು ಬೇಕೋ? ಖಾಸಗಿ. ಡ್ರೈವರು ಹಿಡಿದು ನಿಲ್ಲುವ ಬೋರ್ಡಿನ ಮೇಲೆ ಬರೆಯಬೇಕಾದ ಹೆಸರು? ಒಂದಕ್ಷರ ತಪ್ಪದಂತೆ ಹಾಕಿದೆ. ವಿಮಾನದ ನಂಬರು ಕೊಟ್ಟರೆ, ವಿಮಾನ ಯಾವಾಗ ಇಳಿಯುತ್ತದೋ ನೋಡಿಕೊಂಡು ಡ್ರೈವರು ತಾನಾಗಿ ಬರುತ್ತಾನೆ. ಫಾರ್ಮಿನಲ್ಲಿ ಆ ನಂಬರಿನ ಜಾಗವನ್ನು ಖಾಲಿ ಬಿಟ್ಟೆ. ಬೆಳಿಗ್ಗೆ ಎಂಟಕ್ಕೆ ಇಳಿಯುವ ವಿಮಾನಕ್ಕೆ ಕಾರಿನ ಹೊತ್ತು ಹನ್ನೊಂದು ಎಂದು ಹಾಕಿದೆ. ಆರರಿಂದ ಒಂಬತ್ತು, ನಾವು ಕಾದದ್ದು ಮೂರು ತಾಸು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಹನ್ನೊಂದು ಎಂದು ಅಚ್ಚಾಗಿದ್ದ ಕಾರು ಕಂಪನಿಯ ಚೀಟಿಯನ್ನು ಅವನಿಗೆ ಕೊಡಲಿಲ್ಲ. ನನ್ನ ಕೈಯಾರೆ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ: ಗೇಟಿನ ಹೊರಗೆ ನಿಲ್ಲಬೇಕು, ಹೆಸರಿನ ಬೋರ್ಡು ಕಾಣುತ್ತದೆ, ಬೇರೆ ಯಾರು ಕರೆದರೂ ಅವರ ಗಾಡಿ ಹತ್ತಬಾರದು. ಕೆಳಗೆ ನನ್ನ ಫೋನ್ ನಂಬರು.

ಅಷ್ಟಕ್ಕೇ ಮುಗಿದಿದ್ದರೆ ಅದೊಂದು ಸಣ್ಣ ಕುಚೇಷ್ಟೆ. ಮದುವೆಗೆ ಎರಡು ದಿನ ಮುಂಚೆ ಮುಟ್ಟಬೇಕಾದವನು, ಮೂರು ತಾಸು ಹೆಚ್ಚು ಕಾಯುತ್ತಿದ್ದ, ಅಷ್ಟೇ. ಆದರೆ ವೀಸಾ ತಡವಾಯಿತು. ಟಿಕೆಟು ಮುಂದೆ ಹಾಕಬೇಕಾಯಿತು. ಸಿಕ್ಕ ಟಿಕೆಟಿನಲ್ಲಿ ಅವನು ಇಳಿಯುವುದು ಮದುವೆಯ ದಿನವೇ, ಬೆಳಿಗ್ಗೆ ಅದೇ ಎಂಟಕ್ಕೆ. ಹೋಟೆಲಿಗೆ ಒಂದೂವರೆ ತಾಸಿನ ದಾರಿ. ಮದುವೆ ಹನ್ನೊಂದಕ್ಕೆ.

"ಆಗ್ತದಲ್ಲರಿ ತಂಗಿ?" ಎಂದು ಕೇಳಿದ, ಮತ್ತೆ ಬಂದು ಕೂತು. ಮೇಡಂ ಹೋಗಿ ತಂಗಿ ಆಗಿತ್ತು.

"ಆಗ್ತದ ಕಾಕಾ. ನಿಮ್ಮನ್ನ ಮುಟ್ಟಿಸೋದು ನನ್ನ ಜಿಮ್ಮೆ," ಅಂದೆ.

ಕಾರನ್ನು ಹೊಸ ದಿನಕ್ಕೆ ಬುಕ್ ಮಾಡಬೇಕಿತ್ತು. ಫಾರ್ಮು ಮತ್ತೆ ಖಾಲಿಯಾಗಿ ನನ್ನ ಮುಂದೆ ಬಂತು. ಈ ಸಲ ನನಗೆ ಎಲ್ಲವೂ ಗೊತ್ತಿತ್ತು. ಅವನ ಮಗಳು ನನಗೇನೂ ಮಾಡಿಲ್ಲ ಎಂಬುದೂ ಗೊತ್ತಿತ್ತು. ಅಕ್ಕನೂ ಯಾರಿಗೂ ಏನೂ ಮಾಡಿರಲಿಲ್ಲ. ಹನ್ನೊಂದು ಎಂದೇ ಹಾಕಿದೆ.

ಮದುವೆಯ ದಿನ ಸಂಜೆ ಐದೂವರೆಗೆ, ಅಲ್ಲಿ ಬೆಳಿಗ್ಗೆ ಎಂಟಾಗಿರುವಾಗ, ನಾನು ಫೋನನ್ನು ಮೇಜಿನ ಮೇಲೆ ಮುಂದಿಟ್ಟುಕೊಂಡು ಕೂತೆ. ಆರೂಕಾಲಿಗೆ ಬಂತು, ಯಾರದೋ ಫೋನಿನಿಂದ.

"ತಂಗಿ, ನನ್ನ ಹೆಸರಿನ ಬೋರ್ಡು ಎಲ್ಲೂ ಕಾಣವಲ್ದು."

"ಬರ್ತದ ಕಾಕಾ. ಅಲ್ಲೇ ನಿಂದರ್ರಿ. ಬ್ಯಾರೆ ಗಾಡಿ ಹತ್ತಬ್ಯಾಡ್ರಿ."

"ಮಗಳಿಗೆ ಹೇಳಲೇನು? ಹೇಳಿದ್ರ ಬೀಗರಿಗೆ ಗೊತ್ತಾಗ್ತದ."

"ನೀವು ನೋಡ್ರಿ," ಅಂದೆ. ಅವನು ಹೇಳುವುದಿಲ್ಲವೆಂದು ನನಗೆ ಗೊತ್ತಿತ್ತು.

ಎರಡನೇ ಸಲ ಫೋನು ಬಂದಾಗ ಎತ್ತಲಿಲ್ಲ. ಮನ್ನಳ್ಳಿಯ ಇಬ್ಬರಿಗೆ ರೈಲಿನ ಟಿಕೆಟು ಮಾಡಿಕೊಟ್ಟೆ. ಗಡಿಯಾರ ನೋಡಿದೆ. ಪಶ್ಚಾತ್ತಾಪವಾಯಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆಗಲಿಲ್ಲ. ಹೊಟ್ಟೆ ತಂಪಾಯಿತು. ಎಂಟೂವರೆಗೆ ಅಂಗಡಿಯ ಶಟರ್ ಎಳೆಯುವಾಗ ನಾನು ಏನನ್ನೋ ಗುನುಗುತ್ತಿದ್ದೆ.

ಮನೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಮೆಚ್ಚುತ್ತಾಳೆ ಎಂದುಕೊಂಡಿದ್ದೆ. ಅವಳು ಅಕ್ಕಿ ಆರಿಸುತ್ತ ಪೂರ್ತಿ ಕೇಳಿದಳು.

"ಯಾಕ ಹಿಂಗಾತು ಅಂತ ಅವಂಗ ಗೊತ್ತದೇನು?"

"ಇಲ್ಲ. ಹ್ಯಾಂಗ ಗೊತ್ತಾಗ್ತದ?"

"ಮತ್ತ ಏನು ಮಾಡ್ದಂಗಾತು? ಡ್ರೈವರ್ ತಡಾ ಮಾಡ್ದ ಅಂತ ಊರ ತುಂಬ ಹೇಳ್ಕೋತ ತಿರಗ್ತಾನ. ನನ್ನ ಸೇಡು ಒಯ್ದು ಯಾರೋ ಡ್ರೈವರನ ತಲಿಗೆ ಕಟ್ಟಿದಿ," ಅಂದಳು. ನುಚ್ಚನ್ನು ಬೇರೆ ಮಾಡಿ ಮೊರ ಬದಿಗಿಟ್ಟು ಎದ್ದು ಹೋದಳು. ಇಷ್ಟು ವರ್ಷ ನಾನು ಅವಳನ್ನು ಸಾಧು ಎಂದು ತಿಳಿದಿದ್ದೆ.

ಮೂರು ವಾರದ ಮೇಲೆ ಅವನು ಅಂಗಡಿಗೆ ಬಂದ. ಮಧ್ಯಾಹ್ನದ ಹೊತ್ತು, ಅಕ್ಕ ನನ್ನ ಊಟದ ಡಬ್ಬಿ ತಂದು ಬದಿಯ ಬೆಂಚಿನ ಮೇಲೆ ಕೂತಿದ್ದಳು. ಇವನ ಕೈಯಲ್ಲಿ ಚಾಕಲೇಟಿನ ಡಬ್ಬಿ. ನನಗಾಗಿ ತಂದದ್ದು.

"ನಂದೇ ತಪ್ಪಿರಬೇಕು ತಂಗಿ," ಅಂದ. "ಬ್ಯಾರೆ ಬಾಗಿಲಕ ನಿಂತೆನೋ ಏನೋ. ಗಾಡಿ ಹನ್ನೊಂದಕ್ಕ ಸಿಕ್ತು. ನಾ ಹೋಗೋದ್ರಾಗ ಎಲ್ಲಾ ಮುಗದಿತ್ತು. ಮಗಳು ಒಂದು ತಾಸು ದಾರಿ ನೋಡಿದ್ಳಂತ. ಆಮ್ಯಾಲ ಹೋಟೆಲಿನವ್ರು, ಇನ್ನೊಂದು ಮದುವಿ ಅದ, ಜಾಗ ಬಿಡ್ರಿ ಅಂದ್ರಂತ. ನಾ ಇಳಿಯೋದಕ್ಕ ಖುರ್ಚಿ ಎತ್ತಿಡಲಿಕ್ಕತ್ತಿದ್ರು."

ಕರವಸ್ತ್ರದಿಂದ ಮುಖ ಒರೆಸಿಕೊಂಡ. ಮತ್ತೆ ಅಂದ: "ವಿಮಾನದಾಗೇ ಹೊಸ ಧೋತರ ಉಟ್ಕೊಂಡಿದ್ದೆ. ಸೀದಾ ಮದುವಿ ಮಾಂಡವಕ್ಕ ಹೋಗಬೇಕಲ್ಲ. ಮುದುಡ್ತದಂತ ಮೂರು ತಾಸು ಕೂಡಲಿಲ್ಲ ನೋಡ್ರಿ, ನಿಂತೇ ಇದ್ದೆ."

ಈ ಒಂದು ಮಾತನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಕ್ಕನ ಕಡೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು, ಹೇಳು ಎನ್ನುವಂತೆ. ಹೇಳಿದೆ. ಕಾರಿಗೆ ಹನ್ನೊಂದು ಎಂದು ಹಾಕಿದ್ದು ನಾನೇ, ಎರಡೂ ಸಲ, ತಿಳಿದೇ ಹಾಕಿದ್ದು ಎಂದೆ. ಬರದ ವರ್ಷ, ಸ್ಪೆಷಲ್ ಜೀಪು, ಅಪ್ಪ ಚಾಚಿದ ಕೈ, ಅಕ್ಕನ ಸಂದರ್ಶನ, ಒಂದೂ ಬಿಡಲಿಲ್ಲ. ಸಿಟ್ಟಿನಿಂದಲೇ ಹೇಳಿದೆ ಎಂದು ಈಗಲೂ ಅನ್ನುತ್ತೇನೆ.

ಅವನು ಬೈಯಲಿಲ್ಲ. ಕೇಳಿದ, "ಯಾವ ಕ್ರಾಸು?"

"ಎಕಂಬಾ ಕ್ರಾಸುರಿ," ಅಂದಳು ಅಕ್ಕ. "ಬಿಳಿ ಸೀರಿ ಉಟ್ಟು ನಿಂತಿದ್ದೆ. ನೀವು ಕೈ ಎತ್ತಿದ್ರಿ."

ಅವನು ನಿಜವಾಗಿಯೂ ಯೋಚನೆ ಮಾಡಿದ. ಅಕ್ಕನ ಮುಖ ನೋಡಿದ, ನೆಲ ನೋಡಿದ. ತಲೆ ಅಲ್ಲಾಡಿಸಿದ.

"ಆಗ ಎಲ್ಲಾ ಕ್ರಾಸಿನ್ಯಾಗೂ ಮಂದಿ ನಿಂತಿರ್ತಿದ್ರವ್ವಾ. ನನಗ ನೆನಪಿಲ್ಲ."

ಸುಳ್ಳು ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಸುಳ್ಳು ಹೇಳುತ್ತಿರಲಿಲ್ಲ. ಮೂವತ್ತು ವರ್ಷ ನಾವು ಅವನನ್ನು ಮನೆಯಲ್ಲಿಟ್ಟು ಸಾಕಿದ್ದೆವು, ಅವನು ನಮ್ಮನ್ನು ಅದೇ ದಿನ ಭಾಲ್ಕಿ ಮುಟ್ಟುವುದರೊಳಗೆ ಮರೆತಿದ್ದ. ನನಗೆ ಅತ್ತುಬಿಡಬೇಕೆನಿಸಿತು.

ಅವನು ಮೇಜು ಹಿಡಿದುಕೊಂಡು ಎದ್ದ. ಚಾಕಲೇಟಿನ ಡಬ್ಬಿಯನ್ನು ತೆಗೆದುಕೊಳ್ಳಲೋ ಬಿಡಲೋ ತಿಳಿಯದೆ ಒಂದು ಗಳಿಗೆ ನಿಂತು, ಬಿಟ್ಟ. ಮೆಟ್ಟಿಲ ಹತ್ತಿರ ಹೋದವನು ತಿರುಗಿ ಅಕ್ಕನನ್ನು ಇನ್ನೊಮ್ಮೆ ನೋಡಿದ. ಆಮೇಲೆ ಬಸ್ ಸ್ಟ್ಯಾಂಡಿನ ಕಡೆ ನಡೆದ.

ಅಕ್ಕ ಊಟದ ಡಬ್ಬಿ ಬಿಚ್ಚಿ, ಜೋಳದ ರೊಟ್ಟಿಯ ಮೇಲೆ ಪುಂಡಿ ಪಲ್ಯ ಹಾಕಿ, ನನ್ನ ಕಡೆ ಸರಿಸಿದಳು.

"ಉಣ್ಣು," ಅಂದಳು. "ಇನ್ನ ಮ್ಯಾಲ ಅವಂಗ ನೆನಪಿರ್ತದ."