ಮೂರು ಸಲ ಕರೆದ ಊರು

ರೈಲು ನಿಂತಿತು, ಬಾಗಿಲು ತೆರೆಯಿತು, ಯಾರೂ ಹತ್ತಲಿಲ್ಲ, ಬಾಗಿಲು ಮುಚ್ಚಿತು. ನಡೆದದ್ದು ಇಷ್ಟೇ. ಮಿಕ್ಕದ್ದನ್ನೆಲ್ಲ ಜನ ಕೂಡಿಸಿಕೊಂಡರು. ಸುದ್ದಿ ತೂಬಗೆರೆ ಮುಟ್ಟುವ ಹೊತ್ತಿಗೆ ಆ ಬಾಗಿಲಿನಿಂದ ಒಂದು ಮದುವೆ ದಿಬ್ಬಣವೇ ಹತ್ತಿಬಿಟ್ಟಿತ್ತು, ವಾಲಗದವರ ಸಮೇತ. ನಾನು ಆ ಬಾಗಿಲ ಪಕ್ಕದಲ್ಲೇ ಕೂತಿದ್ದವಳು. ಪೊರೆ ತೆಗೆಸಿದ ಕಣ್ಣು ನನ್ನದು, ಈಗ ಎಲ್ಲವೂ ಬೇಕಾದದ್ದಕ್ಕಿಂತ ಚೆನ್ನಾಗಿಯೇ ಕಾಣುತ್ತದೆ. ಯಾರೂ ಹತ್ತಲಿಲ್ಲ.

ಇದನ್ನು ಹೇಳಬೇಕಾದರೆ ರಂಗೋಲಿಯಿಂದ ಶುರು ಮಾಡಬೇಕು. ಬಾಗಿಲ ಮುಂದೆ ಹಾಕುವ ಎಳೆ ರಂಗೋಲಿಯನ್ನು ನೀವೂ ನೋಡಿರುತ್ತೀರಿ. ಮೊದಲು ಚುಕ್ಕಿ ಇಡುವುದು, ಆಮೇಲೆ ಚುಕ್ಕಿಗಳನ್ನು ಸುತ್ತಿಕೊಂಡು ಒಂದೇ ಎಳೆಯನ್ನು ಎಳೆಯುತ್ತ ಹೋಗುವುದು, ಎಲ್ಲಿಂದ ಹೊರಟೆವೋ ಅಲ್ಲಿಗೇ ಬಂದು ಕೂಡಿಸುವುದು. ಜನ್ಮವೆಲ್ಲ ಬಗ್ಗಿ ಹಾಕಿದ್ದರಿಂದ ನನ್ನ ಸೊಂಟವೇ ಒಂದು ಸೊಟ್ಟ ಎಳೆಯಾಗಿದೆ, ಆದರೆ ಕೈ ಮಾತ್ರ ನೆಟ್ಟಗಿದೆ. ಚಿಕ್ಕವಳಾಗಿದ್ದಾಗ ಒಮ್ಮೆ ಎಳೆ ಕೂಡಿಸದೆ ಆಟಕ್ಕೆ ಓಡಿದ್ದಕ್ಕೆ ನಮ್ಮವ್ವ ಜಡೆ ಹಿಡಿದು ಎಳೆದು ತಂದಿದ್ದಳು. "ಬಾಗ್ಲು ತೆಗ್ದಿಟ್ಟು ಮಲಗ್ತಾರೇನೇ?" ಅಂದಿದ್ದಳು. ಬೆಳಗಿನ ಹೊತ್ತಿನಲ್ಲಿ ಮಲಗುವ ಮಾತೇಕೆ ಬಂತು ಎಂದು ಆಗ ನಾನು ಕೇಳಲಿಲ್ಲ. ಜಡೆ ಅವಳ ಕೈಯಲ್ಲಿತ್ತು.

ನನ್ನ ಮಗನ ಮಗಳು ಶ್ವೇತ ಚಿತ್ರ ಬರೆಯುವುದನ್ನೇ ಓದಿದವಳು. ಅದಕ್ಕೂ ಓದಬೇಕೇ ಎಂದು ನಾನು ಅಂದದ್ದುಂಟು. ಪಟ್ಟಣದಿಂದ ನಮ್ಮ ದೊಡ್ಡಬಳ್ಳಾಪುರದ ಕಡೆ ಸುತ್ತಿಕೊಂಡು ದೇವನಹಳ್ಳಿಗೆ ಹೋಗುವ ಪುಟ್ಟ ರೈಲೊಂದು ಬರುತ್ತಿದೆಯಲ್ಲ, ಅದರ ಮೈಮೇಲೆ ಚಿತ್ರ ಬರೆದು ಅದರ ನಿಲ್ದಾಣಗಳಿಗೆ ಹೆಸರು ಹುಡುಕಿಕೊಡುವ ಕೆಲಸ ಇವಳ ಆಫೀಸಿಗೆ ಸಿಕ್ಕಿತು. ರೈಲಿಗೆ ಬಣ್ಣ ಆರಿಸುವುದು ಮನೆಗೆ ಸೊಸೆ ಆರಿಸುವುದಕ್ಕಿಂತ ಕಷ್ಟವಂತೆ. ಕೆಂಪು ಒಂದು ಪಕ್ಷದ್ದು, ಹಸಿರು ಇನ್ನೊಂದರದು, ಕೇಸರಿ, ನೀಲಿ ಎಲ್ಲಕ್ಕೂ ಯಾರಾದರೂ ಯಜಮಾನರಿದ್ದಾರೆ. ಕೊನೆಗೆ ಯಾರಿಗೂ ಬೇಡವಾಗಿ ಉಳಿದದ್ದು ಬೂದಿ ಬಣ್ಣ. ಅದರ ಮೇಲೆ ಏನು ಬರೆಯುವುದು ಎಂದು ತಲೆ ಕೆಡಿಸಿಕೊಂಡು ಕೂತಿದ್ದವಳಿಗೆ ಒಂದು ಬೆಳಿಗ್ಗೆ, ನಾನು ಸಾರಿಸಿ ರಂಗೋಲಿ ಹಾಕಿದ್ದ ಅಂಗಳ ಕಣ್ಣಿಗೆ ಬಿತ್ತು. ಅಂಗಳವನ್ನು ಹಾಗೇ ಎತ್ತಿ ರೈಲಿಗೆ ಸುತ್ತಿಬಿಟ್ಟಳು.

ಚಿತ್ರ ತೋರಿಸಿದಾಗ ನನಗೆ ಹಿಡಿಸಲಿಲ್ಲ. ಚೆಂದವಿರಲಿಲ್ಲ ಎಂದಲ್ಲ. ಎಳೆಗಳು ಬಾಗಿಲುಗಳ ಮೇಲೂ ಹಾದುಹೋಗಿದ್ದವು.

"ಬಾಗ್ಲ ಮೇಲೆ ಎಳೆ ಎಳೀಬ್ಯಾಡ ಕಣೇ, ತೆಗ್ದಾಗ ಕಿತ್ತೋಯ್ತದೆ."

"ಮುಚ್ಚಿದಾಗ ಕೂಡ್ಕೊಳುತ್ತಲ್ಲ ಅಜ್ಜಿ."

"ತೆಗ್ದು ಮುಚ್ಚೋದ್ರೊಳಗೆ?"

"ಅಷ್ಟ್ರೊಳಗೆ ಜನ ಹತ್ತುತಾರೆ. ರೈಲು ಇರೋದೇ ಅದಕ್ಕೆ!"

ಜಾಣೆಯ ಉತ್ತರ.

ಬಣ್ಣದ ಜಗಳ ಹೀಗೆ ಮುಗಿದರೆ ಹೆಸರಿನ ಜಗಳ ಮುಗಿಯಲೇ ಇಲ್ಲ. ನಮ್ಮ ಊರಿಗೂ ಪಕ್ಕದ ಊರಿಗೂ ನಡುವೆ ಒಂದು ನಿಲ್ದಾಣ ಎದ್ದಿದೆ. ಅಲ್ಲಿ ಊರಿಲ್ಲ. ಒಂದು ಬತ್ತಿದ ಕುಂಟೆ, ಅದರ ಸುತ್ತ ಹೊಂಗೆ ಮರಗಳು, ಚಾವಣಿ ಬಿದ್ದ ಒಂದು ಗುಡಿ, ಮನೆಗಳಿದ್ದ ಕಡೆ ಮಣ್ಣಿನ ದಿಬ್ಬಗಳು. ಎರಡೂ ಊರಿನವರು ಅದನ್ನು ಹಾಳೂರು ಎನ್ನುತ್ತಾರೆ, ಹೊತ್ತು ಇಳಿದ ಮೇಲೆ ಅದನ್ನೂ ಅನ್ನುವುದಿಲ್ಲ. ಸಮುದಾಯ ಭವನದಲ್ಲಿ ಸಭೆ ಸೇರಿಸಿ ಶ್ವೇತ ಹೆಸರು ಕೇಳಿದಾಗ ಪಕ್ಕದ ಊರಿನವರು ತಮ್ಮ ಊರಿನ ಹೆಸರು ಅಂದರು, ನಮ್ಮವರು ನಮ್ಮ ಊರಿನದು ಅಂದರು. ನಡುವೆ ಮುನಿರಾಜಣ್ಣ ಎದ್ದು ನಿಂತ. ಸೈಟು ಮಾರುವವನು. ನಮ್ಮ ಕಡೆ ಈಗ ರಾಗಿ ಬೆಳೆಯುವವರಿಗಿಂತ ಸೈಟು ಬೆಳೆಯುವವರೇ ಜಾಸ್ತಿ.

"ನೋಡಮ್ಮಾ ಸ್ವೇತಾ, ಅಲ್ಲಿ ಊರೂ ಇಲ್ಲ, ಜನಾನೂ ಇಲ್ಲ. ಯಾರೂ ಇಲ್ದಿರೋ ಜಾಗಕ್ಕೆ ಯಾಕ್ ಬಡ್ದಾಡ್ತೀರಾ? ನಮ್ ಲೇಔಟ್ ಹೆಸ್ರು ಮಡಗ್ಬಿಡು, ಗ್ರ್ಯಾಂಡ್ ವ್ಯಾಲಿ. ಮುಗೀತು."

ಎರಡೂ ಊರಿನವರು ಚಪ್ಪಾಳೆ ತಟ್ಟಿದರು. ನೆರೆಯವರ ಹೆಸರು ಬರುವುದಕ್ಕಿಂತ ಯಾವ ವ್ಯಾಲಿಯಾದರೂ ವಾಸಿ ಎಂಬುದರಲ್ಲಿ ನಾವೆಲ್ಲ ಒಂದೇ ಮನಸ್ಸಿನವರು.

ಶ್ವೇತಳಿಗೆ ಅದು ಬೇಡವಾಗಿತ್ತು. ಸರ್ಕಾರಿ ನಕ್ಷೆಯಲ್ಲಿ ಆ ಜಾಗಕ್ಕೆ ಏನು ಬರೆದಿದೆಯೋ ಅದನ್ನೇ ಇಡೋಣ ಎಂದು ತೆಗೆಸಿ ನೋಡಿದರೆ ಬೇಚಿರಾಕ್ ಎಂದಿತ್ತಂತೆ. ಎಷ್ಟು ಹಳೆಯ ಹೆಸರು ಎಂದು ಕುಣಿದಾಡಿ ಹಲಗೆಯ ಚಿತ್ರವನ್ನೂ ಬರೆದುಬಿಟ್ಟಳು. ಆ ದಿನ ನನ್ನ ರವಿಕೆ ಕೊಡಲು ಮನೆಗೆ ಬಂದಿದ್ದ ಮೆಹಬೂಬಿ ಅದನ್ನು ನೋಡಿದಳು. ಪೇಟೆಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟವಳು, ನನ್ನ ಬಹಳ ಹಳೆಯ ಗೆಣೆಕಾತಿ.

"ಯಾ ಅಲ್ಲಾ! ಬೇಚಿರಾಗ್ ಅಂತ ಬೋರ್ಡ್ ಹಾಕ್ತೀಯಾ ಬೇಟಾ? ನಮ್ಮಲ್ಲಿ ಅದು ಶಾಪ ಹಾಕೋ ಮಾತು. ಚಿರಾಗ್ ಅಂದ್ರೆ ದೀಪ. ದೀಪ ಹಚ್ಚೋಕೆ ಒಬ್ರೂ ಉಳೀದೆ ಹೋದ ಊರು ಅಂತ ಬರ್ದವ್ರೆ ಅಷ್ಟೇ, ಅದೇನ್ ಹೆಸ್ರಲ್ಲ."

ಶ್ವೇತಳ ಮುಖ ಬೂದಿ ಬಣ್ಣಕ್ಕೆ ತಿರುಗಿತು. "ನಾಳೇನೇ ಹೆಸರು ಕೊಡ್ಬೇಕು ಅಜ್ಜಿ. ಇಲ್ದಿದ್ರೆ ಮುನಿರಾಜಣ್ಣಂದೇ ಗಟ್ಟಿ. ಆ ಊರಿಗೆ ಹೆಸರೇ ಇರ್ಲಿಲ್ವಾ?"

"ಇತ್ತು."

"ನಿಂಗೊತ್ತಾ?"

"ಗೊತ್ತು."

"ಅಯ್ಯೋ ಅಜ್ಜಿ! ಮತ್ಯಾಕೆ ಇಷ್ಟ್ ದಿನ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ" ಅಂದೆ. ಹೇಳದಿದ್ದ ಕಾರಣ ಬೇರೆಯೇ ಇತ್ತು.

ಅದು ನಮ್ಮವ್ವ ಹುಟ್ಟಿದ ಊರು. ಅವಳು ಲಂಗ ಉಟ್ಟು ಓಡಾಡುವ ವಯಸ್ಸಿನಲ್ಲಿ ಪ್ಲೇಗು ಬಂತು. ಇಲಿ ಬಿದ್ದ ಮನೆಗಳನ್ನು ಬಿಟ್ಟು ಜನ ಹೊಲದಲ್ಲಿ ಗುಡಿಸಲು ಹಾಕಿಕೊಂಡರು, ಅಲ್ಲಿಗೂ ಬಂದಾಗ ಊರನ್ನೇ ಬಿಟ್ಟು ಹೊರಟರು. ಗಡ್ಡೆ ಎದ್ದವರನ್ನು ಕರೆದೊಯ್ಯುವಂತಿರಲಿಲ್ಲ. ಅವ್ವನ ಅಕ್ಕನಿಗೆ ಗಡ್ಡೆ ಎದ್ದಿತ್ತು. ತಲೆಯ ಹತ್ತಿರ ಒಂದು ಮಡಕೆ ನೀರಿಟ್ಟು ಹೊರಟರು. ಹೊರಡುವಾಗ ಹಿರಿಯರು ಒಂದು ಕಟ್ಟು ಮಾಡಿದರಂತೆ. ಊರನ್ನಾಗಲಿ, ಊರಲ್ಲಿ ಉಳಿದವರನ್ನಾಗಲಿ ಯಾರೂ ಹೆಸರು ಹಿಡಿದು ಕರೆಯಬಾರದು, ಕರೆದರೆ ಎದ್ದು ಹಿಂದೆಯೇ ಬರುತ್ತಾರೆ. ಅವ್ವ ಅಕ್ಕನನ್ನು ಕೂಗಿಯಾಳು ಎಂದು ಅವಳ ತಾಯಿ ದಾರಿಯುದ್ದಕ್ಕೂ ಅವಳ ಬಾಯಿಗೆ ಕೈ ಒತ್ತಿ ಹಿಡಿದುಕೊಂಡೇ ನಡೆದಳಂತೆ.

ಇದನ್ನು ಅವ್ವ ನನಗೆ ಹೇಳಿದ್ದು ಒಂದೇ ಸಲ, ಮಟಮಟ ಮಧ್ಯಾಹ್ನ, ರಾಗಿಯಲ್ಲಿ ಕಲ್ಲು ಆರಿಸುತ್ತ. ಊರಿನ ಹೆಸರನ್ನು ಒಂದು ಸಲ, ಅಕ್ಕನ ಹೆಸರನ್ನು ಒಂದು ಸಲ ಕಿವಿಯಲ್ಲಿ ಹೇಳಿದಳು. ಒಂದು ಸಲ ಅಂದರೆ ದೋಷವಿಲ್ಲ ಎಂಬುದು ನಮ್ಮ ಕಡೆಯ ಲೆಕ್ಕ. ಕತ್ತಲಲ್ಲಿ ಯಾರಾದರೂ ಹೊರಗಿನಿಂದ ಕೂಗಿದರೆ ಮೊದಲ ಕೂಗಿಗೆ ಓಗೊಡಬಾರದು, ಗಾಳಿಯೂ ಒಂದು ಸಲ ಕೂಗೀತು. ಮೂರು ಸಲ ಕೂಗುವವರು ಬೇಕಾದವರೇ, ಆಗ ಎದ್ದು ಹೋಗಲೇಬೇಕು. ಒಂದು ಸಲ ಅಂದದ್ದು ಮಾತು, ಮೂರು ಸಲ ಅಂದದ್ದು ಕರೆ.

ಅವ್ವ ಕೊನೆಯವರೆಗೂ ಆ ಕಟ್ಟು ಮೀರಲಿಲ್ಲ. ಆದರೆ ಊಟಕ್ಕೆ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಕೂಗಿದ ಮೇಲೆ, ಇನ್ನೊಂದು ಹೆಸರು ಬಾಕಿ ಇದ್ದಂತೆ ಬಾಯಿ ತೆರೆದು, ಹಾಗೇ ಮುಚ್ಚಿಕೊಳ್ಳುತ್ತಿದ್ದಳು. ನಾವು ಮಕ್ಕಳು ಅದನ್ನು ಅಣಕಿಸುತ್ತಿದ್ದೆವು.

ಊರಿನ ಹೆಸರು ಬಲ್ಲವಳು ನಾನೊಬ್ಬಳೇ ಉಳಿದಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಅವ್ವನ ಕಟ್ಟು ಉಳಿಯುತ್ತಿತ್ತು, ಆದರೆ ಅವ್ವನ ಅಕ್ಕ ಮಲಗಿದ ಮಣ್ಣು ಇನ್ನು ಮೇಲೆ ಗ್ರ್ಯಾಂಡ್ ವ್ಯಾಲಿ ಎನಿಸಿಕೊಳ್ಳುತ್ತಿತ್ತು. ನಮ್ಮ ಬಯಲಲ್ಲಿ ವ್ಯಾಲಿ ಎಲ್ಲಿಂದ ಬರಬೇಕು? ಬೇಕಾದವರು ಬಿಟ್ಟುಹೋದದ್ದು ಸಾಲದೆ ಬೇಡವಾದವರು ಬಂದು ಹೆಸರಿಡುವುದು ಯಾವ ನ್ಯಾಯ? ನನಗೆ ಭಯಕ್ಕಿಂತ ಸಿಟ್ಟು ಜಾಸ್ತಿ. ಒಂದು ಸಲ ಹೇಳುತ್ತೇನೆ, ಎರಡನೆಯ ಸಲ ಕೇಳಬೇಡ ಅಂದೆ. ಶ್ವೇತ ಮೊಬೈಲನ್ನು ನನ್ನ ಬಾಯಿಯ ಹತ್ತಿರ ಹಿಡಿದಳು. ಹೇಳಿದೆ. ಹೊರಗೆ ನಾಯಿ ಬೊಗಳಲಿಲ್ಲ, ದೀಪ ಆರಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿತು, ಅದು ದಿನಾ ಉಕ್ಕುತ್ತದೆ.

ಆಮೇಲೆ ಒಂದು ದಿನ ರೈಲಿನ ಪರೀಕ್ಷೆ. ಜಮೀನು ಬಿಟ್ಟುಕೊಟ್ಟವರನ್ನು ಒಂದು ಸುತ್ತು ಕೂರಿಸಿಕೊಂಡು ಹೋಗುತ್ತೇವೆ ಎಂದರು. ಕಾಲು ಎಕರೆ ಕೊಟ್ಟದ್ದಕ್ಕೆ ನಾನು, ಜೊತೆಗೆ ಮೆಹಬೂಬಿ, ಆಫೀಸಿನ ಕಡೆಯಿಂದ ಶ್ವೇತ. ಹೊತ್ತು ಇಳಿಯುತ್ತಿತ್ತು. ಕೂಗಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಬೂದಿ ಬಣ್ಣದ ನನ್ನ ಅಂಗಳ ಕಂಬಿಯ ಮೇಲೆ ಜಾರಿಕೊಂಡು ಬಂದು ನಿಂತಿತು. ಹತ್ತಿ ಕೂತೆವು. ಮುನಿರಾಜಣ್ಣ ಹೆಸರಿನ ಜಗಳದಲ್ಲಿ ಸೋತ ಮುಖ ತೋರಿಸದೆ ಗರಿಗರಿ ಬಿಳಿ ಅಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದ, ಬಸ್ಸಿನ ಅಭ್ಯಾಸ.

ಮುಂದಿನ ನಿಲ್ದಾಣ ಹತ್ತಿರವಾದಾಗ ಮೇಲಿನಿಂದ ದನಿ ಬಂತು. "ಮುಂದಿನ ನಿಲ್ದಾಣ" ಎಂದದ್ದು ಯಾವಳೋ ಹುಡುಗಿ. ಆಮೇಲೆ "ಹೊಂಗೆಕುಂಟೆ" ಎಂದದ್ದು ಅವಳಲ್ಲ.

ನಮ್ಮವ್ವ.

ನನ್ನ ಬೆನ್ನು ನೆಟ್ಟಗಾಯಿತು. ಹುಡುಗಿ ಇಂಗ್ಲಿಷಿನಲ್ಲಿ ಏನೋ ಅಂದಳು, ಅವ್ವ ಮತ್ತೆ "ಹೊಂಗೆಕುಂಟೆ" ಅಂದಳು. ಹುಡುಗಿ ಹಿಂದಿಯಲ್ಲಿ ಅಂದಳು, ಅವ್ವ ಇನ್ನೊಮ್ಮೆ "ಹೊಂಗೆಕುಂಟೆ" ಅಂದಳು. ಮೂರು ಸಲ.

"ನಿನ್ ದನೀನೇ ಅಜ್ಜಿ! ಆ ಹುಡ್ಗಿಗೆ ಹೆಸ್ರು ಸರಿಯಾಗಿ ಅನ್ನೋಕೆ ಬರ್ಲಿಲ್ಲ, ಪರೀಕ್ಷೆಗೆ ಮೊಬೈಲ್‌ನಲ್ಲಿದ್ದಿದ್ದನ್ನೇ ಹಾಕಿದೀವಿ" ಎಂದು ಶ್ವೇತ ನನ್ನ ಕಿವಿಯಲ್ಲಿ ಹಿಗ್ಗಿದಳು. ಇರಬಹುದು. ತನ್ನ ದನಿ ತನಗೆ ಬೇರೆಯಾಗಿಯೇ ಕೇಳುತ್ತದಂತೆ, ವಯಸ್ಸಾದ ಮೇಲೆ ಎಲ್ಲ ಹೆಣ್ಣುಮಕ್ಕಳ ಗಂಟಲಲ್ಲೂ ಅವರವರ ತಾಯಿ ಬಂದು ಕೂರುತ್ತಾಳೆ. ಆದರೂ ಒಂದು ಮಾತು. ನಾನು ಆ ಹೆಸರನ್ನು ಮಾತಿನಂತೆ ಹೇಳಿದ್ದೆ. ಅಲ್ಲಿ ಕೇಳಿದ್ದು ಊಟಕ್ಕೆ ಕೂಗುವ ದನಿ.

ಬಾಗಿಲು ತೆರೆಯಿತು. ಹೊರಗೆ ಹೊಸ ಕಲ್ಲು ಹಾಸಿದ ಖಾಲಿ ಕಟ್ಟೆ, ಆಚೆಗೆ ಹೊಂಗೆ ಮರಗಳು. ಹೊಂಗೆ ಹೂವಿನ ವಾಸನೆಯ ತಣ್ಣನೆಯ ಗಾಳಿ ಕಾಲಿನ ಮಟ್ಟದಲ್ಲಿ ಒಳಗೆ ಬಂತು. ಮುನಿರಾಜಣ್ಣ ಪಕ್ಕಕ್ಕೆ ಸರಿದು, "ಬರ್ರಿ, ಬರ್ರಿ, ಒಳಿಕ್ ಬರ್ರಿ" ಅಂದ. ಅಂದವನು ತನ್ನ ಚಾಚಿದ ಕೈಯನ್ನೇ ಒಂದು ಗಳಿಗೆ ನೋಡಿಕೊಂಡು ಮೆಲ್ಲಗೆ ಜೇಬಿಗೆ ಹಾಕಿಕೊಂಡ. ಎದುರು ಸಾಲಿನವರು ಕಾಲು ಮಡಚಿ ದಾರಿ ಬಿಟ್ಟರು. ಮೆಹಬೂಬಿ ನನ್ನ ಮುಂಗೈ ಹಿಡಿದು, "ಯಾಕಮ್ಮಾ, ಎಲ್ರೂ ಸರೀತಾ ಅವ್ರೆ?" ಅಂದಳು.

"ನೀನೂ ಸರ್ದಿದೀಯಲ್ಲೇ" ಅಂದೆ.

ಅವಳು ಆ ಕಡೆಗೆ ಸರಿದಿದ್ದಳು, ನಾನು ಈ ಕಡೆಗೆ. ನಡುವೆ ಜಾಗ ಬಿಟ್ಟಿತ್ತು. ದೊಡ್ಡವರು ಕೂರುವಷ್ಟಲ್ಲ. ವರಸೆಯಲ್ಲಿ ಅವ್ವನ ಅಕ್ಕ ನನಗೆ ದೊಡ್ಡಮ್ಮ, ವಯಸ್ಸಿನಲ್ಲಿ ನನ್ನ ಮೊಮ್ಮಗಳಿಗಿಂತಲೂ ಚಿಕ್ಕವಳು.

ಬಾಗಿಲು ಮುಚ್ಚಿತು. ಮುಂದಿನ ನಿಲ್ದಾಣದವರೆಗೂ ಯಾರೂ ಆ ಜಾಗದಲ್ಲಿ ಕೂರಲಿಲ್ಲ. ನಿಂತುಕೊಂಡೇ ಇದ್ದವರು ಬೇಕಾದಷ್ಟು ಜನರಿದ್ದರು.

ಕೊನೆಯಲ್ಲಿ ಇಳಿದು ತಿರುಗಿ ನೋಡಿದೆ. ಬೇರೆ ಬಾಗಿಲುಗಳ ಮೇಲೆಲ್ಲ ಎಳೆಗಳು ಕೂಡಿದ್ದವು. ನಾವು ಇಳಿದ ಬಾಗಿಲಿನಲ್ಲಿ ಮಾತ್ರ ಆ ಕಡೆಯ ಎಳೆಗೂ ಈ ಕಡೆಯದಕ್ಕೂ ನಡುವೆ ಒಂದು ಬೆರಳಿನಷ್ಟು ಸಂದು. ಬಾಗಿಲು ಜಾರುವ ಕಾಲುವೆಯಲ್ಲಿ ಧೂಳು ಕೂತಿದೆ, ಒರೆಸಿದರೆ ಸರಿಹೋಗುತ್ತದೆ ಎಂದ ಅಲ್ಲಿದ್ದ ಕೆಲಸದವನು. ಒರೆಸಿದ. ಸರಿಹೋಗಲಿಲ್ಲ. ಶ್ವೇತ ನನ್ನ ಮುಖ ನೋಡಿದಳು. "ಚೆನ್ನಾಗಿ ಬರ್ದಿದೀಯ ಬಿಡು" ಅಂದೆ. ಅವಳನ್ನು ನಾನು ಹೊಗಳಿದ್ದು ಅದೇ ಮೊದಲು, ಹುಡುಗಿ ಅದಕ್ಕೇ ಹೆಚ್ಚು ಹೆದರಿದಳು.

ಮರುದಿನ ಬೆಳಿಗ್ಗೆ ಎಂದಿನಂತೆ ಅಂಗಳ ಸಾರಿಸಿ, ಚುಕ್ಕಿ ಇಟ್ಟು, ಅದೇ ರಂಗೋಲಿ ಹಾಕಿದೆ. ಕೊನೆಯ ಎಳೆಯನ್ನು ಕೂಡಿಸದೆ, ಹೊಂಗೆ ಮರಗಳ ಕಡೆಗೆ ಬೆರಳಗಲ ಬಿಟ್ಟೆ. ಸಂದಿನ ಪಕ್ಕ ಒಂದು ಚೊಂಬು ನೀರಿಟ್ಟೆ. ಒಳಗೆ ಬಂದು ರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಅರೆದು, ಹೊಸ್ತಿಲ ಮೇಲೆ ನಿಂತು ಮಗನನ್ನು ಕೂಗಿದೆ, ಸೊಸೆಯನ್ನು ಕೂಗಿದೆ, ಶ್ವೇತಳನ್ನು ಕೂಗಿದೆ. ಆಮೇಲೆ ಅವ್ವನ ಹಾಗೆ ಬಾಯಿ ಮುಚ್ಚಿಕೊಳ್ಳಲಿಲ್ಲ.

"ಪುಟ್ಟಲಕ್ಷ್ಮೀ" ಎಂದು ಕೂಗಿದೆ. ಮೂರು ಸಲ.