ಅಡುಗೆ ಭಟ್ಟನ ಚಿಕ್ಕ ಹೊಟ್ಟೆ

ಮೊನ್ನೆ ತೆಕ್ಕಟ್ಟೆಯ ಒಂದು ಉಪನಯನದ ಮನೆಯಲ್ಲಿ ಪಾಯಸಕ್ಕೆ ಬೆಲ್ಲ ಕುದಿಯುತ್ತಿತ್ತು. ಕಾಯಿಹಾಲು ಹೊಯ್ದ ಕೂಡಲೇ ಎದ್ದ ಪರಿಮಳ ಚಪ್ಪರದ ತನಕ ಹೋಯಿತು. ಅಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮಾತು ನಿಲ್ಲಿಸಿ ಕತ್ತು ತಿರುಗಿಸಿದರು. ಸೌಟು ಹಿಡಿದು ನಿಂತಿದ್ದ ನಾನು ಒಮ್ಮೆ ಉಸಿರೆಳೆದುಕೊಂಡೆ, ಚೆನ್ನಾಗಿ ಬಂದಿದೆ ಅನ್ನಿಸಿತು, ಒಲೆ ಸಣ್ಣ ಮಾಡಿದೆ. ಅಷ್ಟೇ. ಇದರಲ್ಲಿ ಹೇಳುವಂಥದ್ದು ಏನಿದೆ ಎಂದು ನೀವು ಕೇಳಬಹುದು. ಮೂರು ವರ್ಷಗಳ ಹಿಂದೆ ಇದೇ ಪರಿಮಳ ನನ್ನನ್ನು ಹೆಸರು ಹಿಡಿದು ಕರೆಯುತ್ತಿತ್ತು. ಕರೆದಾಗಲೆಲ್ಲ ನಾನು ಹೋಗುತ್ತಿದ್ದೆ.

ನಾನು ಕೊಕ್ಕರ್ಣೆ ಕಡೆಯವನು, ಮದುವೆ ಮುಂಜಿಗಳ ಅಡುಗೆ ನನ್ನ ಕೆಲಸ. ಅಪ್ಪನಿಂದ ನನಗೆ ಬಂದ ಆಸ್ತಿ ಎರಡು: ಹುಳಿಯ ಹದ ಮತ್ತು ದೇಹದ ಗಾತ್ರ. ನೂರಾ ನಲವತ್ತೆರಡು ಕಿಲೋ ಇದ್ದೆ. ಜನರಿಗೆ ದಪ್ಪ ಅಡುಗೆಯವನ ಮೇಲೆ ಏನೋ ಒಂದು ನಂಬಿಕೆ. 'ಭಟ್ರನ್ನ್ ಕಂಡ್ರೇ ಅರ್ಧ ಹೊಟ್ಟೆ ತುಂಬ್ತ್' ಎಂದು ಯಾರಾದರೂ ಹೇಳಿದರೆ ನಾನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ. ದೇವರಿಗೆ ತೆಗೆದಿಟ್ಟಾದ ಮೇಲೆ ರುಚಿ ನೋಡುವ ಕೆಲಸ ಶುರು. ಪ್ರತಿ ಪಾತ್ರೆಯಿಂದ ಒಂದು ಸೌಟು. ಮುರಿದ ಹೋಳಿಗೆ ಬಡಿಸಲು ಬರುವುದಿಲ್ಲ, ಹಾಗಾಗಿ ಅದು ನನಗೆ. ಎಷ್ಟೋ ಸಲ ಮುರಿಯದ ಹೋಳಿಗೆಯನ್ನು ನಾನೇ ಮುರಿದಿದ್ದೇನೆ. ಇವೆಲ್ಲ ಮುಗಿದು, ಬಂದವರೆಲ್ಲ ಉಂಡು ಹೋದ ಮೇಲೆ ನಾನು ಎಲೆ ಹಾಕಿಕೊಂಡು ಕೂರುತ್ತಿದ್ದೆ. 'ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಪಾಪ' ಎಂದು ಮನೆಯವರು ಒತ್ತಾಯ ಮಾಡಿ ಬಡಿಸುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ.

ದೇಹ ತನ್ನ ದೂರನ್ನು ಮೊದಲು ಮಂಡಿಯ ಮೂಲಕ ಹೇಳಿತು, ಆಮೇಲೆ ಸಕ್ಕರೆ ಕಾಯಿಲೆಯ ಮೂಲಕ. ಎರಡನ್ನೂ ಕೇಳಿಸಿಕೊಳ್ಳಲಿಲ್ಲ. ಮೂರನೆಯದು ನಿದ್ದೆ. ಮಲಗಿದರೆ ಉಸಿರು ಕಟ್ಟಿ ಮತ್ತೆ ಮತ್ತೆ ಎಚ್ಚರವಾಗುತ್ತಿತ್ತು; ಆ ಬಾಕಿ ನಿದ್ದೆಯೆಲ್ಲ ಹಗಲು ಬಂದು ಮೇಲೆ ಬೀಳುತ್ತಿತ್ತು. ಒಂದು ದಿನ ಕಾದ ಎಣ್ಣೆಯ ಬಾಣಲೆಯ ಮುಂದೆ ನಿಂತು ಹಪ್ಪಳ ಕರಿಯುತ್ತಿದ್ದವನು ನಿಂತಲ್ಲೇ ತೂಕಡಿಸಿದೆ. ಯಾರೋ ಅಂಗಿಯ ಬೆನ್ನು ಹಿಡಿದು ಹಿಂದಕ್ಕೆ ಎಳೆದರು. ಕಣ್ಣು ಬಿಟ್ಟರೆ ಗಿರಿಜಕ್ಕ.

ಗಿರಿಜಕ್ಕ ನಮ್ಮ ತಂಡದಲ್ಲಿ ತರಕಾರಿ ಹೆಚ್ಚುವವರು. ನನಗಿಂತ ಹತ್ತು ವರ್ಷ ದೊಡ್ಡವರು, ಕಡ್ಡಿಯಂಥ ಮೈ, ಬೈಂದೂರಿನಲ್ಲಿ ಮಗಳ ಮನೆ. ಅವತ್ತು ಅವರು ಬೈಯಲಿಲ್ಲ. ನನ್ನ ಕೈಯಿಂದ ಜಾಲರಿ ಸೌಟನ್ನು ತೆಗೆದುಕೊಂಡು, 'ಭಟ್ರೆ, ಇವತ್ತ್ ನಾ ಹತ್ರ ಇದ್ದೆ. ನಾಳೆ ಯಾರ್ ಇರ್ತ್ರ್?' ಎಂದಷ್ಟೇ ಕೇಳಿದರು. ಆ ಪ್ರಶ್ನೆಯನ್ನು ಹೊತ್ತುಕೊಂಡೇ ನಾನು ದೂರದ ಊರಿನ ದೊಡ್ಡ ಆಸ್ಪತ್ರೆಗೆ ಹೋದದ್ದು. ಹೊಟ್ಟೆಯನ್ನು ಒಂದು ಸಣ್ಣ ಲೋಟದಷ್ಟು ಮಾಡಿ, ಕರುಳಿಗೆ ಬೇರೆ ದಾರಿ ಜೋಡಿಸುವ ಆಪರೇಶನ್ ಎಂದು ಅಲ್ಲಿಯವರು ಚಿತ್ರ ಬರೆದು ತೋರಿಸಿದರು. ಒಪ್ಪಿಕೊಂಡೆ.

ಕುಂದಾಪುರದಲ್ಲಿ ನನ್ನ ಸಕ್ಕರೆಗೆ ಮದ್ದು ಕೊಡುವ ಡಾಕ್ಟರಿಗೆ ಮಾತ್ರ ಇದು ಸ್ವಲ್ಪವೂ ಹಿಡಿಸಲಿಲ್ಲ. ಅವರು ಘಟ್ಟದ ಮೇಲಿನವರು. ಇಷ್ಟು ವರ್ಷ ಇಲ್ಲಿದ್ದರೂ ನಮ್ಮ ಭಾಷೆ ಅವರ ನಾಲಿಗೆಗೆ ಹತ್ತಿರಲಿಲ್ಲ. 'ಬಾಯಿ ಕಟ್ಟೋಕೆ ಆಗದವರು ಹೊಟ್ಟೆ ಕತ್ತರಿಸಿಕೊಳ್ತಾರೆ' ಎಂದರು. ಕೈಗುಣ ಒಳ್ಳೆಯದು, ಬಾಯಿ ಹೀಗೆ. ಆಪರೇಶನ್ನಿನ ನಂತರದ ರಕ್ತಪರೀಕ್ಷೆಗಳಿಗೆ ಪ್ರತಿ ಸಲ ಅಷ್ಟು ದೂರ ಹೋಗುವುದು ಕಷ್ಟವೆಂದು ಇವರ ಹತ್ತಿರವೇ ಹೋಗುವುದೆಂದಾಯಿತು.

ಆಪರೇಶನ್ ಆಗಿ ಮೊದಲ ನಾಲ್ಕು ತಿಂಗಳು ತೂಕ ಬೆಣ್ಣೆ ಕರಗಿದ ಹಾಗೆ ಇಳಿಯಿತು. ಮೂವತ್ತು ಕಿಲೋ ಹೋಯಿತು. ತಲೆಗೂದಲೂ ಸ್ವಲ್ಪ ಹೋಯಿತು. ಅದು ಮೊದಲೇ ಕಡಿಮೆಯಿದ್ದುದರಿಂದ ಹೆಚ್ಚು ದುಃಖವಾಗಲಿಲ್ಲ. ಊರಿನವರ ಕಾಳಜಿಯೇ ಹೆಚ್ಚಿನ ತೊಂದರೆ. ಶಂಕರನಾರಾಯಣ ಊರಿನ ಒಬ್ಬ ಯಜಮಾನರು ಮಗಳ ಮದುವೆಗೆ ನನ್ನನ್ನು ಗೊತ್ತು ಮಾಡಲು ಬಂದವರು, ನನ್ನ ಕೆನ್ನೆ ನೋಡಿ ಗಾಬರಿಯಾಗಿ, 'ಎಂತ ಭಟ್ರೆ, ಹುಷಾರಿಲ್ಯಾ? ಬೇರೆಯವ್ರನ್ನ್ ಕಾಂಬುದಾ?' ಎಂದು ಕೇಳಿದರು. ಅವರೆದುರೇ ಅಕ್ಕಿ ಮೂಟೆ ಎತ್ತಿ ತೋರಿಸಿ ಆ ಮದುವೆಯನ್ನು ಉಳಿಸಿಕೊಂಡೆ.

ಐದನೆಯ ತಿಂಗಳು ತೂಕದ ಮುಳ್ಳು ನಿಂತಿತು. ಒಂದು ವಾರ, ಎರಡು ವಾರ, ಐದು ವಾರ. ಅಷ್ಟೇ ತಿನ್ನುತ್ತಿದ್ದೆ, ಅಷ್ಟೇ ನಡೆಯುತ್ತಿದ್ದೆ. ತೂಕದ ಯಂತ್ರ ಮಾತ್ರ ನೂರಾ ಹನ್ನೆರಡನ್ನು ಬಿಟ್ಟು ಕದಲಲಿಲ್ಲ. ಡಾಕ್ಟರ ಹತ್ತಿರ ಹೋದೆ. ಅವರು ನನ್ನ ಹಳೆಯ ಚೀಟಿ, ಹೊಸ ಚೀಟಿ ಎರಡನ್ನೂ ನೋಡಿದರು.

'ಇಷ್ಟೇ. ಇನ್ನು ತೂಕ ಏರೋದೇ.'

'ಇಷ್ಟ್ ಬೇಗ ಅಲ್ದಾ ಡಾಕ್ಟ್ರೇ? ಎಂತ ಮಾಡ್ಕ್ ನಾನ್?'

'ಮಾಡೋಕೇನಿದೆ? ಇಡೀ ದಿನ ತುಪ್ಪ ಸಕ್ಕರೆ ಮಧ್ಯ ಇರೋರು ನೀವು. ಎರಡು ವರ್ಷದಲ್ಲಿ ಇದ್ದಲ್ಲಿಗೇ ಬರ್ತೀರಿ. ನಿಮ್ಮ ಕೈಲಿ ಆಗಲ್ಲ ಭಟ್ರೇ, ನಾನು ನೋಡಿದೀನಿ.'

ಬಸ್ಸಿನಲ್ಲಿ ಬ್ರಹ್ಮಾವರದ ತನಕ ಆ ಮಾತು ನನ್ನ ಪಕ್ಕದಲ್ಲೇ ಕುಳಿತುಕೊಂಡು ಬಂತು. ಹೆಂಡತಿಗೆ ಹೇಳಲಿಲ್ಲ. ಏನೆಂದರು ಎಂದು ಕೇಳಿದ್ದಕ್ಕೆ 'ಎಲ್ಲ ಸರಿ ಇತ್ತಂಬ್ರ್' ಎಂದೆ. ಅವಳು ದೇವರ ಕೋಣೆಗೆ ಹೋಗಿ ಕೈಮುಗಿದು ಬಂದಳು; ನಾನು ಇನ್ನೂ ಸಣ್ಣವನಾದಂತಾಯಿತು, ತೂಕದಲ್ಲಿ ಅಲ್ಲ.

ಮೂರು ದಿನ ಬಿಟ್ಟು ಒಂದು ಗೃಹಪ್ರವೇಶ. ಊಟದ ಗದ್ದಲ ಮುಗಿದು ಉಗ್ರಾಣದಲ್ಲಿ ನಾನೊಬ್ಬನೇ ಇದ್ದೆ. ಡಬ್ಬಿಯಲ್ಲಿ ಹೋಳಿಗೆ ಉಳಿದಿತ್ತು. ಆಸೆಯಿಂದ ತಿಂದೆ ಎಂದರೆ ಸುಳ್ಳಾದೀತು. ಆಗುವುದಿಲ್ಲವೆಂದು ಗೊತ್ತಾದ ಮೇಲೆ ಇನ್ನೇನು ಎಂಬ ಒಂದು ಬಗೆಯ ಹಟದಲ್ಲಿ, ನಿಂತುಕೊಂಡು, ಸರಿಯಾಗಿ ಅಗಿಯದೆ, ನಾಲ್ಕು ತಿಂದೆ. ಹತ್ತು ನಿಮಿಷವಾಗಿರಲಿಲ್ಲ. ಮೈಯೆಲ್ಲ ಬೆವರು, ಎದೆ ಡವಡವ, ಹೊಟ್ಟೆ ತಿರುಚಿ ಕಣ್ಣು ಕತ್ತಲೆ. ಅಕ್ಕಿ ಮೂಟೆಗಳ ಮೇಲೆ ಒರಗಿಬಿಟ್ಟೆ. ಸಿಹಿ ತಿಂದರೆ ಹೀಗಾಗುತ್ತದೆಂದು ಆಸ್ಪತ್ರೆಯಲ್ಲಿ ಎಚ್ಚರಿಸಿಯೇ ಕಳಿಸಿದ್ದರು.

'ಹ್ವಾಯ್ ಭಟ್ರೆ! ಎಂತ ಆಯ್ತ್?' ಗಿರಿಜಕ್ಕ ಬಾಗಿಲಲ್ಲಿ ನಿಂತಿದ್ದರು. ತೆರೆದ ಡಬ್ಬಿಯ ಕಡೆಗೊಮ್ಮೆ, ನನ್ನ ಮುಖದ ಕಡೆಗೊಮ್ಮೆ ನೋಡಿದರು. ಬೆವರು ಇಳಿಯುವ ತನಕ ಸೆರಗಿನಲ್ಲಿ ಗಾಳಿ ಹಾಕಿದರು. ಆಮೇಲೆ ನಾನೇ ಎಲ್ಲವನ್ನೂ ಹೇಳಿದೆ, ಡಾಕ್ಟರು ಅಂದದ್ದನ್ನು ಅಕ್ಷರ ಬಿಡದೆ.

'ಅಂದ್ರೆ ಅವ್ರ್ ಹೇಳದ್ದ್ ನಿಜ ಮಾಡುಕಂದೇ ತಿಂದ್ರಿಯಾ?' ಎಂದರು ಗಿರಿಜಕ್ಕ.

ನಾನು ಕೈ ಚಾಚಿ ಡಬ್ಬಿಯ ಮುಚ್ಚಳ ಹಾಕಿದೆ.

'ತಕ್ಕಡಿ ಮುಳ್ಳ್ ನಿಂತ್ರೆ ನಿಲ್ಲಲಿ ಮಾರಾಯ್ರೆ. ಕಾಣಿ, ಆಪರೇಶನ್ ಆದ್ಮೇಲೆ ಒಲೆ ಎದ್ರ್ ಒಂದ್ ಸಲ ಆದ್ರೂ ನಿದ್ದಿ ಮಾಡಿದ್ರಿಯಾ? ಇವತ್ತ್ ಬೆಳಿಗ್ಗೆ ಆ ಮೆಟ್ಲ್ ಹತ್ತಿ ಬಂದ್ರಿ, ಏದುಸ್ರ್ ಬಂತಾ? ಅದನ್ನ ಆ ಡಾಕ್ಟ್ರಿಗ್ ಯಾರ್ ಹೇಳ್ಕ್?'

ನಿಜ ಹೇಳಬೇಕೆಂದರೆ ಅದನ್ನು ನನಗೇ ಯಾರೂ ಹೇಳಿರಲಿಲ್ಲ. ಸಂಜೆ ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಒಪ್ಪಿಸಿದೆ. ಅವಳು ಮರುದಿನ ತಾನೇ ಆ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟಳು. ಆಹಾರದ ವಿಷಯ ನೋಡಿಕೊಳ್ಳುವ ಹುಡುಗಿಯ ದನಿ ಆ ಕಡೆಯಿಂದ ಬಂತು. ತೂಕ ಹೀಗೆ ನಡುನಡುವೆ ನಿಲ್ಲುವುದು ಎಷ್ಟೋ ಜನರಿಗೆ ಆಗುತ್ತದೆ, ಹೆದರಬೇಡಿ ಎಂದಳು. ಏನು ತಿನ್ನುತ್ತೀರಿ ಎಂದು ಒಂದೊಂದಾಗಿ ಕೇಳಿದಳು. ನಾನು ಗಂಜಿಯ ಮೇಲೇ ಬದುಕುತ್ತಿದ್ದೆ. ಹೆಸರುಕಾಳು, ಮೊಸರು, ಪನೀರ್ ಮೊದಲು, ಅನ್ನ ಕೊನೆಗೆ ಎಂದು ತಿದ್ದಿದಳು. ಐದು ನಿಮಿಷದ ಮಾತು. ಐದು ವಾರ ನಾನು ಅದನ್ನು ಕೇಳದೆ ಕೂತಿದ್ದೆ.

ಅಡುಗೆಮನೆಯ ಪದ್ಧತಿಯೂ ಬದಲಾಯಿತು. ನಾನು ನಾಲಿಗೆಯ ತುದಿಗೆ ಒಂದು ಹನಿ ಮುಟ್ಟಿಸಿ ಬಾಯಿ ಮುಕ್ಕಳಿಸುವುದು, ತೀರ್ಪು ಗಿರಿಜಕ್ಕನದು. ಮೊದಮೊದಲು ನನಗೆ ತುಂಬಾ ಅವಮಾನ ಎನಿಸಿತು. ಹುಳಿಗೆ ಉಪ್ಪು ಸಾಲದು ಎಂದು ಅವರು, ಸರಿಯಾಗಿದೆ ಎಂದು ನಾನು. ಪ್ರತಿ ಸಲ ಅವರೇ ಸರಿ. ಇಷ್ಟು ವರ್ಷ ಹೊಟ್ಟೆ ತುಂಬಿದ ನಾಲಿಗೆಯಿಂದ ರುಚಿ ನೋಡುತ್ತಿದ್ದೆನಲ್ಲ, ಅದಕ್ಕೆ ಏನು ತಿಳಿಯುತ್ತಿತ್ತೋ! ಬೆಳಗಿನ ಹೊತ್ತು ಗದ್ದೆಯಂಚಿನಲ್ಲಿ ಹೆಂಡತಿಯ ಜೊತೆ ನಡೆದೆ. ಮುಳ್ಳು ಒಂದು ದಿನ, ಯಾರಿಗೂ ಹೇಳದೆ, ನೂರಾ ಹನ್ನೊಂದಕ್ಕೆ ಸರಿಯಿತು.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಹೆದರಿಕೆ ಇದ್ದೇ ಇತ್ತು. ಅವರು ರಿಪೋರ್ಟು ಓದಿ, 'ಸಕ್ಕರೆ ಸರಿಯಾಗಿದೆ. ಒಂದು ಮಾತ್ರೆ ನಿಲ್ಲಿಸಬಹುದು' ಎಂದರು. ನಾನು ಉಸಿರು ಬಿಡುವಷ್ಟರಲ್ಲಿ, 'ನೋಡೋಣ, ಎಷ್ಟು ದಿನ ಇರುತ್ತೋ' ಎಂದು ಸೇರಿಸಿದರು.

'ಡಾಕ್ಟ್ರೇ, ಒಂದ್ ಮಾತ್ ಹೇಳ್ತೆ, ಬೇಜಾರ್ ಮಾಡ್ಕಣ್ಬೇಡಿ' ಎಂದೆ. 'ಕಳದ್ ಸಲ ನೀವ್ ಆಗಲ್ಲ ಅಂದ್ರಿ. ಅದೇ ವಾರ ನಾ ನಾಕ್ ಹೋಳ್ಗೆ ತಿಂದ್ ಬಿದ್ದೆ. ತಿಂದದ್ ನಂದೇ ತಪ್ಪ್. ಆದ್ರೆ ನೀವ್ ಕೊಡು ಮದ್ದ್ ಹ್ಯಾಂಗ್ ತಾಗತ್ತೋ, ನಿಮ್ ಮಾತೂ ನಂಗ್ ಹಾಂಗೇ ತಾಗತ್ತ್.'

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆಂದುಕೊಂಡೆ. 'ಈ ಆಪರೇಶನ್ ಮಾಡಿಸಿಕೊಂಡು ನನ್ನ ಹತ್ರ ಬಂದವರೆಲ್ಲ ಮತ್ತೆ ದಪ್ಪ ಆಗಿಯೇ ಬಂದವರು ಭಟ್ರೇ' ಎಂದರು. 'ಚೆನ್ನಾಗಿರೋರು ಯಾಕೆ ಬರ್ತಾರೆ?'

ತಪ್ಪಾಯಿತು ಎಂದೇನೂ ಅವರು ಹೇಳಲಿಲ್ಲ. ನನಗೆ ಅದು ಬೇಕೂ ಆಗಿರಲಿಲ್ಲ. ಪಾಪ, ಅವರು ಸುಳ್ಳು ಹೇಳಿರಲಿಲ್ಲ. ಕಂಡದ್ದನ್ನು ಹೇಳಿದ್ದರು, ಕಂಡದ್ದು ಅರ್ಧವಾಗಿತ್ತು. ಚೆನ್ನಾಗಿದ್ದೂ ಆ ಬೆಂಚಿನ ಮೇಲೆ ಬಂದು ಕೂರುವವನು ನಾನೊಬ್ಬನಾದರೂ ಇರಲಿ ಎಂದು ಅವತ್ತೇ ನಿಶ್ಚಯಿಸಿದೆ. ಇವತ್ತಿಗೂ ಮೂರು ತಿಂಗಳಿಗೊಮ್ಮೆ ತಪ್ಪದೆ ಹೋಗುತ್ತೇನೆ. ಹೊಗಳಿಕೆ ಅವರ ಬಾಯಲ್ಲಿ ಇಲ್ಲ. ಆದರೆ 'ಆಗಲ್ಲ' ಎಂಬ ಮಾತೂ ಆಮೇಲೆ ಬಂದಿಲ್ಲ.

ಈಗ ತೊಂಬತ್ತೈದರ ಆಸುಪಾಸಿನಲ್ಲಿದ್ದೇನೆ. ಹೋದ ವರ್ಷ ಮದುವೆಗಳ ಕಾಲದಲ್ಲಿ ಮೂರು ಕಿಲೋ ಏರಿತು, ಮಳೆಗಾಲದಲ್ಲಿ ಇಳಿಸಿದೆ. ಮುಂದೆಯೂ ಏರೀತು, ಇಳಿಸಬೇಕಾದೀತು. ಇದು ಮುಗಿಯುವ ಕೆಲಸವಲ್ಲ ಎಂದು ತಿಳಿದ ಮೇಲೆ ಅದರ ಭಾರ ಕಡಿಮೆಯಾಗಿದೆ.

ಕಳೆದ ಭಾನುವಾರ ಬೈಂದೂರಿನಲ್ಲಿ ಗಿರಿಜಕ್ಕನ ಮೊಮ್ಮಗಳ ನಾಮಕರಣ. ಅಡುಗೆ ಬೇರೆಯವರದು, ನಾನು ನೆಂಟ. ಬಸ್ಸಿಳಿದು ನಡೆದೇ ಹೋದೆ. ಪಂಕ್ತಿಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಎಲ್ಲವನ್ನೂ ಚೂರುಚೂರೇ ಹಾಕಿಸಿಕೊಂಡು, ಒಂದೊಂದು ತುತ್ತನ್ನೂ ನಿಧಾನವಾಗಿ ಅಗಿದೆ. ತಲೆಯೆತ್ತಿ ನೋಡಿದರೆ ಸಾಲಿನವರೆಲ್ಲ ಮಜ್ಜಿಗೆಯೂ ಮುಗಿಸಿ, ಎಂಜಲು ಕೈ ಒಣಗಿಸಿಕೊಂಡು, ನನಗಾಗಿ ಏಳದೆ ಕುಳಿತಿದ್ದಾರೆ. ನಾಚಿಕೆಯಾಗಿ ಎಲೆ ಮಡಚಲು ಕೈ ಹಾಕಿದೆ. ಆಚೆ ಬದಿಯಿಂದ ಗಿರಿಜಕ್ಕ ಸಾಲಿನವರಿಗೆಲ್ಲ ಕೂಗಿ ಹೇಳಿದರು:

'ಹ್ವಾಯ್, ಯಾರೂ ಏಳ್ಬೇಡಿ. ಭಟ್ರ್ ಇನ್ನೂ ಉಂತಾ ಇದ್ರ್!'

ಸಾಲಿನವರು ನಕ್ಕರು, ಯಾರೋ ಮಾತಿಗೆ ತೊಡಗಿದರು. ನಾನು ಎಲೆ ಬಿಡಿಸಿ ಸರಿಮಾಡಿಕೊಂಡು ಉಳಿದ ಎರಡು ತುತ್ತನ್ನು ಉಂಡೆ, ಅವಸರವಿಲ್ಲದೆ.